ಮೂರನೇ ಸೆಲ್

ಗಣಪತಿ ಕೂಡುವುದಕ್ಕೆ ಇನ್ನೂ ಒಂದು ವಾರವಿತ್ತು. ಅವತ್ತು ಮುಂಜಾನೆ ಆರೂ ಮುಕ್ಕಾಲಿಗೆ ರಾಜೀವ ಮೋಟಾರ್‌ಸೈಕಲ್ಲಿನ ಗುಂಡಿ ಒತ್ತಿದ. ಇಂಜಿನ್ನು ಒಮ್ಮೆ ನರಳಿ ಸುಮ್ಮನಾಯಿತು. ಮತ್ತೆ ಒತ್ತಿದ. ಈ ಸಲ ನರಳಲೂ ಇಲ್ಲ, ಎಲ್ಲೋ ಹಲ್ಲಿ ಲೊಚಗುಟ್ಟಿದಂತೆ ಟಕ್ ಟಕ್ ಎಂದಿತು. ಡಬ್ಬಿಯ ಚೀಲ ಹಿಡಿದು ನಿಂತಿದ್ದ ಅವನ ಹೆಂಡತಿ ಸುರಭಿ ಕೈಗಡಿಯಾರ ನೋಡಿಕೊಂಡಳು.

"ಹಾರ್ನ್ ಹೊಡದು ನೋಡ್ರಿ."

ಹಾರ್ನು ನೆಗಡಿಯಾದವರ ಧ್ವನಿಯಲ್ಲಿ ಕೂಗಿತು.

ಪುಣೆಯ ಕೋಥರೂಡಿನ ಆ ಸೊಸೈಟಿಯ ಎರಡನೇ ಮಹಡಿಯಲ್ಲಿ ನಾಲ್ಕು ಜನರ ಸಂಸಾರ. ಆ ಸಂಸಾರದ ಮುಂಜಾನೆ ಇಡೀ ಆ ಗಾಡಿಯ ಮೇಲೆ ನಿಂತಿತ್ತು. ಸುರಭಿ ಕರ್ವೆನಗರದ ಬಾಲವಾಡಿಯಲ್ಲಿ ಟೀಚರು, ಏಳಕ್ಕೆ ಅಲ್ಲಿರಬೇಕು. ರಾಜೀವ ಅವಳನ್ನು ಬಿಟ್ಟು ಬಂದು, ಗಾಡಿ ನಿಲ್ಲಿಸಿ, ಚಾವಿಯನ್ನು ಬಾಗಿಲ ಬದಿಯ ಮೊಳೆಗೆ ಹಾಕಿ, ಏಳೂ ಇಪ್ಪತ್ತೈದಕ್ಕೆ ಮೂಲೆಯಲ್ಲಿ ಬರುವ ಚಾಕಣದ ಕಂಪನಿ ಬಸ್ ಹಿಡಿಯಬೇಕು. ಅವತ್ತು ಇಬ್ಬರೂ ಗಾಡಿಯನ್ನು ಇಳಿಜಾರಿನವರೆಗೆ ದೂಡಿದರು. ಅದು ಗೇಟಿನ ಹತ್ತಿರ ಕೆಮ್ಮಿ ಎದ್ದಿತು. ಸುರಭಿ ತಡವಾಗಿ ಮುಟ್ಟಿದಳು, ರಾಜೀವನ ಬಸ್ಸು ತಪ್ಪಿತು.

ಮೇಲೆ ಗ್ಯಾಲರಿಯಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದ ರಾಜೀವನ ತಂದೆ ಪ್ರಲ್ಹಾದರಾಯರು ಒಳಗೆ ಬಂದು ಹೆಂಡತಿಗೆ ಹೇಳಿದರು: "ಬ್ಯಾಟರಿ ಅದು. ದನಿ ಕೇಳಿದ್ರನ ತಿಳೀತದ."

ಒಲೆಯ ಮುಂದಿದ್ದ ಅಂಬಾ ತಿರುಗಿ ನೋಡಲಿಲ್ಲ. "ಹೌದ?" ಎಂದಳು ಅಷ್ಟೇ.

ಸಂಜೆ ಊಟಕ್ಕೆ ಕೂತಾಗ ಅದೇ ಮಾತು ಬಂತು. ಚಪಾತಿ, ಹೀರೇಕಾಯಿ ಪಲ್ಯ, ಸಾರು.

"ಐತವಾರ ಹೊಸಾದು ಹಾಕಿಸಿಬಿಡತೀನಿ," ಎಂದ ರಾಜೀವ.

"ನೋಡದ ಹಂಗ ಹಾಕಬಾರದೋ. ಜ್ವರ ಬಂತಂತ ಮನಿಷ್ಯಾನ್ನ ಬದಲಿ ಮಾಡತಾರೇನು? ಜ್ವರ ಯಾಕ ಬಂತು, ಅದನ್ನ ನೋಡಬೇಕು."

"ಅಪ್ಪಾ, ಇದು ನಿನ್ನ ಎಕ್ಸ್‌ಚೇಂಜ್ ಅಲ್ಲ. ಅಂಗೈಯಷ್ಟು ಬ್ಯಾಟರಿ."

"ಅಂಗೈಯಷ್ಟಿರಲಿ, ಆಳೆತ್ತರ ಇರಲಿ, ಸೀಸ ಅದು, ಆಸಿಡ್ ಅದು. ಎಂಟು ದಿನಾ ನನಗ ಬಿಡು."

ರಾಜೀವ ಹೆಂಡತಿಯ ಮುಖ ನೋಡಿದ, ಅವ್ವನ ಮುಖ ನೋಡಿದ. ಯಾರೂ ತನ್ನ ಪರವಾಗಿ ಮಾತಾಡದಿದ್ದುದನ್ನು ಕಂಡು "ಎಂಟs ದಿನಾ" ಎಂದು ಕೈ ತೊಳೆಯಲು ಎದ್ದ.

ಪ್ರಲ್ಹಾದರಾಯರು ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನ ಬ್ಯಾಟರಿ ಕೋಣೆಯಲ್ಲಿ ಕೆಲಸ ಮಾಡಿದವರು. ಧಾರವಾಡದಿಂದ ಪುಣೆಗೆ ಬಂದ ಮೊದಲ ದಿನ ಆ ಕೋಣೆ ಹೊಕ್ಕಾಗ ಅವರಿಗೆ ಯಾವುದೋ ನೀರಿನ ಮನೆಗೆ ಬಂದಂತೆ ಅನಿಸಿತ್ತು. ಎರಡು ಸಾಲು ದೊಡ್ಡ ಗಾಜಿನ ತೊಟ್ಟಿಗಳು. ಒಳಗೆ ತಿಳಿನೀರಿನಂತೆ ಆಸಿಡ್ಡು, ಅದರಲ್ಲಿ ಮುಳುಗಿ ನಿಂತ ಕಂದು, ಬೂದು ಹಲಗೆಗಳು. ಚಾರ್ಜಿಗೆ ಹಾಕಿದಾಗ ಸಣ್ಣ ಗುಳ್ಳೆಗಳು ಏಳುತ್ತಿದ್ದವು, ಕಿವಿಗೊಟ್ಟರೆ ಮಳೆ ದೂರದಲ್ಲಿ ಬರುವ ಸದ್ದು. ಊರಿನ ಮಾತೆಲ್ಲ, ಮದುವೆ ನಿಶ್ಚಯವಾದದ್ದು, ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ಧಾರಣಿ, ಆಸ್ಪತ್ರೆಯ ಸುದ್ದಿ, ಎಲ್ಲವೂ ಈ ತೊಟ್ಟಿಗಳ ಬಲದಿಂದಲೇ ತಂತಿಯಲ್ಲಿ ಹೋಗುತ್ತವೆ ಎಂದು ಹಿರಿಯರೊಬ್ಬರು ಹೇಳಿದ್ದರು. ರಾಯರು ತಾಸಿಗೊಮ್ಮೆ ಒಂದೊಂದು ಸೆಲ್ಲಿನ ಆಸಿಡ್ ತೂಕ ನೋಡಿ ದೊಡ್ಡ ಪುಸ್ತಕದಲ್ಲಿ ಬರೆಯುತ್ತಿದ್ದರು. ಒಂದು ಅಂಕಿಯನ್ನೂ ನೋಡದೆ ಬರೆದವರಲ್ಲ. ಆಸಿಡ್ ಸಿಡಿದು ತೂತಾದ ಅವರ ಅಂಗಿಗಳಿಗೆಲ್ಲ ಅಂಬಾ ತೇಪೆ ಹಾಕಿದ್ದಳು.

ಮರುದಿನ ರಾಯರು ಕರೆಂಟ್ ಸಾಮಾನು ಸಿಗುವ ತಪಕೀರ ಗಲ್ಲಿಗೆ ಹೋಗಿ, ಆಸಿಡ್ ತೂಕ ನೋಡುವ ಸಣ್ಣ ಹೈಡ್ರೋಮೀಟರ್ ಕೊಂಡು ತಂದರು. ಗಾಜಿನ ನಳಿಗೆ, ಮೇಲೊಂದು ರಬ್ಬರಿನ ಬುಗ್ಗೆ, ಒಳಗೆ ಬೆರಳುದ್ದದ ತೇಲುವ ಕಡ್ಡಿ. ಬ್ಯಾಟರಿಯನ್ನು ಅಂಗಡಿಯಲ್ಲಿ ಪೂರಾ ಚಾರ್ಜ್ ಮಾಡಿಸಿ ತಂದು, ಡಿಸ್ಟಿಲ್ಡ್ ವಾಟರ್ ಗೆರೆಯವರೆಗೆ ತುಂಬಿ, ಆರೂ ಸೆಲ್ಲಿನ ಮುಚ್ಚಳ ತೆಗೆದು ಅಳೆದರು. ಐದರಲ್ಲಿ ಕಡ್ಡಿ ಹನ್ನೆರಡುನೂರ ಅರವತ್ತಕ್ಕೆ ತೇಲಿತು, ಪೂರಾ ತುಂಬಿದ ಬ್ಯಾಟರಿಯ ಅಂಕಿ ಅದು. ಮೂರನೆಯದರಲ್ಲಿ ಸ್ವಲ್ಪ ಕೆಳಗೆ, ಹನ್ನೆರಡುನೂರ ನಲವತ್ತು. ಹಳೆಯ ಶಾಲೆ ಪಟ್ಟಿಯೊಂದರ ಖಾಲಿ ಹಾಳೆಯಲ್ಲಿ ಗೆರೆ ಹೊಡೆದು ಬರೆದರು.

ಆಮೇಲೆ ಇಂಜಿನ್ ಚಾಲೂ ಮಾಡಿಸಿ ಮೀಟರ್ ಹಿಡಿದರು. ಹದಿನಾಲ್ಕು ವೋಲ್ಟ್ ಬರುತ್ತಿತ್ತು. ಅಂದರೆ ಗಾಡಿ ಬ್ಯಾಟರಿಗೆ ಉಣಿಸುತ್ತಿದೆ. ಚಾವಿ ತೆಗೆದು, ತಂತಿ ಬಿಚ್ಚಿ ಮತ್ತೆ ತಾಗಿಸಿ ನೋಡಿದರು. ಕಿಡಿ ಇಲ್ಲ. ಎಲ್ಲಿಯೂ ಸೋರಿಕೆಯಿಲ್ಲ.

"ಹತ್ತು ನಿಮಿಷದ ಓಡಾಟ, ಅದಕ್ಕ ಹೊಟ್ಟಿ ತುಂಬೂದಿಲ್ಲ," ಎಂದರು ಮಗನಿಗೆ. "ಆದ್ರ ಇಷ್ಟ ಲಗೂ ಇಳೀಬಾರದು."

ಇಳಿಯುತ್ತಿತ್ತು. ಮುಂಜಾನೆ ಗಾಡಿ ತಿರುಗಿ ಬಂದಾಗ ಅಳೆದರೆ ಅಂಕಿ ತುಸು ಏರಿರುತ್ತಿತ್ತು. ಸಂಜೆ ಐದಕ್ಕೆ ಅಳೆದರೆ ಆರೂ ಸೆಲ್ಲುಗಳು ಒಟ್ಟಿಗೇ ಇಳಿದಿರುತ್ತಿದ್ದವು. ಗಣಪತಿ ಬಂದು ಕೂತ. ಆ ವಾರ ಗಾಡಿ ಎರಡು ಸಲ ಕೈಕೊಟ್ಟಿತು. ಬಾಲವಾಡಿಯ ಮುಖ್ಯಸ್ಥೆ ಸುರಭಿಗೆ, ಇನ್ನೊಮ್ಮೆ ತಡವಾದರೆ ಮುಂಜಾನೆಯ ವರ್ಗ ಬೇರೆಯವರಿಗೆ ಹೋಗುತ್ತದೆ ಎಂದರು.

ಆ ರಾತ್ರಿಯ ಊಟದಲ್ಲಿ ಮೋದಕ ಉಳಿದೇಹೋದವು.

"ಸಂಜೀಕ ಛತ್ರಿ ತರಲಿಕ್ಕೆ ನೀ ಕೆಳಗ ಹೋಗಿದ್ದಿ," ಎಂದ ರಾಜೀವ. "ಡಿಕ್ಕಿ ತಗೀಬೇಕಂದ್ರ ಚಾವಿ ಬೇಕು. ಚಾವಿ ಹಾಕಿ ಹಂಗs ಬಿಟ್ಟಿರತಿ."

"ನಾ ಯಾವತ್ತೂ ಬಿಟ್ಟಿಲ್ಲ."

"ಮತ್ತ ಬ್ಯಾಟರಿ ಯಾರು ಕುಡದ್ರು?"

"ನನ್ನ ಕೇಳತೀರಿ? ತಡಾ ಆಗಿ ಬೈಸಿಕೊಳ್ಳಾಕಿ ನಾನು. ನನ್ನ ಕಾಲ ಮ್ಯಾಲೆ ನಾನs ಕಲ್ಲ ಹಾಕ್ಕೋತೀನೇನು?"

"ಮನ್ಯಾಗ ಚಾವಿ ಮುಟ್ಟವರು ಇನ್ಯಾರಿದ್ದಾರ?"

ಸುರಭಿ ತಾಟು ಎತ್ತಿಕೊಂಡು ಒಳಗೆ ಹೋದಳು. ಅಂಬಾ ಮಗನಿಗೆ ಹೇಳಿದಳು: "ಊಟದ ಮುಂದ ಹಂಗ ಮಾತಾಡಬ್ಯಾಡ. ಆಕಿ ಅಂಥಾಕಿ ಅಲ್ಲ."

ಮರುದಿನ ಮಧ್ಯಾಹ್ನ ರಾಯರು ಮಲಗಿದಂತೆ ಮಾಡಿ ಕಣ್ಣು ಬಿಟ್ಟುಕೊಂಡೇ ಇದ್ದರು. ಸೊಸೈಟಿಯ ಹುಡುಗರು ಗಾಡಿಯ ವಯರಿನ ಜೊತೆ ಆಡುತ್ತಿರಬಹುದು ಎಂದು ಅವರ ಸಂಶಯ. ಎರಡೂವರೆಗೆ ಬಾಗಿಲು ಸಪ್ಪಳವಾಗದಂತೆ ತೆರೆದು ಮುಚ್ಚಿತು. ರಾಯರು ಎದ್ದು ಮೊಳೆ ನೋಡಿದರು. ಚಾವಿ ಇರಲಿಲ್ಲ. ಚಪ್ಪಲಿ ಹಾಕಿಕೊಳ್ಳದೆ ಮೆಟ್ಟಿಲಿಳಿದು, ಕೊನೆಯ ತಿರುವಿನಲ್ಲಿ ನಿಂತರು.

ಹೊರಗೆ ಬಿಸಿಲಲ್ಲಿ ಜಿನುಗು ಮಳೆ ಬೀಳುತ್ತಿತ್ತು. ಪಾರ್ಕಿಂಗಿನೊಳಗೆ ಮಬ್ಬು. ಕಂಬಗಳ ನಡುವೆ ಮೋಟಾರ್‌ಸೈಕಲ್ಲಿನ ಮೇಲೆ ಅಂಬಾ ಕೂತಿದ್ದಳು. ಹಿಂದೆ ಅಲ್ಲ, ಮುಂದೆ, ನಡೆಸುವವರ ಜಾಗದಲ್ಲಿ. ಎರಡೂ ಕಾಲು ಒಂದೇ ಬದಿಗೆ ಇಳಿಬಿಟ್ಟು, ಮೈ ಮಾತ್ರ ಮುಂದಕ್ಕೆ ತಿರುಗಿಸಿ, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಮೀಟರಿನ ಹಸಿರು ದೀಪ ಅವಳ ಗದ್ದದ ಮೇಲೆ ಬಿದ್ದಿತ್ತು. ಮುಂದಿನ ಸಣ್ಣ ದೀಪ ಉರಿಯುತ್ತಿತ್ತು. ಎಡಗಡೆಯ ಇಂಡಿಕೇಟರು ಕಿತ್ತಳೆ ಬಣ್ಣದಲ್ಲಿ ಹತ್ತುತ್ತ ಆರುತ್ತ, ಹತ್ತುತ್ತ ಆರುತ್ತ, ಎದುರಿನ ಗೋಡೆಯನ್ನು ಬೆಳಗುತ್ತಿತ್ತು. ಅಂಬಾ ಆ ಗೋಡೆಯನ್ನು ದೂರದ ದಾರಿಯನ್ನು ನೋಡುವಂತೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

ರಾಯರು ಕರೆಯಬೇಕೆಂದು ಬಾಯಿ ತೆರೆದರು. ಆ ಮುಖವನ್ನು ಅವರು ಕಂಡು ಬಹಳ ವರ್ಷವಾಗಿತ್ತು. ಕರೆಯಲಿಲ್ಲ. ಮೇಲೆ ಬಂದು ಮಲಗಿದರು. ನಾಲ್ಕಕ್ಕೆ ಅಂಬಾ ಬಂದು ಚಾವಿ ಮೊಳೆಗೆ ಹಾಕಿ ಚಹಾಕ್ಕೆ ಇಟ್ಟಳು.

ಅವತ್ತು ಸಂಜೆ ರಾಯರು ಪಟ್ಟಿ ತೆರೆದರು. ಮೂರನೇ ಸೆಲ್ಲು ಹನ್ನೆರಡುನೂರ ಹತ್ತು ತೋರಿಸಿತ್ತು. ಅವರು ಹನ್ನೊಂದುನೂರ ಮೂವತ್ತು ಎಂದು ಬರೆದರು. ಪೆನ್ನಿನ ಟೊಪ್ಪಿ ಹಾಕಿ ಪಟ್ಟಿ ಮುಚ್ಚಿದರು.

"ಸಿಕ್ತೋ," ಎಂದರು ಮಗನಿಗೆ. "ಯಾರ ತಪ್ಪೂ ಅಲ್ಲ. ಮೂರನೇ ಸೆಲ್ ಹೋಗೇದ. ಒಂದು ಹೋತಂದ್ರ ಉಳದ ಐದನ್ನೂ ಜಗ್ಗತದ. ಸುರಭಿ ಸುದ್ದಿಗೆ ಹೋಗಬ್ಯಾಡ."

"ನಾ ಮೊದಲs ಹೇಳಿದ್ದೆ, ಹೊಸಾದು ಹಾಕೂಣಂತ," ಎಂದ ರಾಜೀವ. ಹೆಂಡತಿಗೆ ಏನೂ ಹೇಳಲಿಲ್ಲ. ಸುರಭಿ ಅವನಿಗೆ ಬಡಿಸಿದಳು, ಮಾತಾಡಿಸಲಿಲ್ಲ.

ಹಬ್ಬದ ಗದ್ದಲದಲ್ಲಿ ಬ್ಯಾಟರಿ ಅಂಗಡಿ ಮುಚ್ಚಿತ್ತು. ಅಲ್ಲಿಯವರೆಗೆ ದಿನಾ ಕಾಲು ತಾಸು ಮೊದಲೇ ಗಾಡಿಯನ್ನು ಇಳಿಜಾರಿಗೆ ದೂಡಿ ಎಬ್ಬಿಸಿದರು. ಅನಂತಚತುರ್ದಶಿ ಕಳೆದು ಶ್ರಾದ್ಧದ ಪಕ್ಷಮಾಸ ಹತ್ತಿದ ಮೂರನೇ ದಿನ ಅಪ್ಪ ಮಗ ಇಬ್ಬರೂ ಹಳೆಯ ಬ್ಯಾಟರಿ ಹಿಡಿದು ಕರ್ವೆಯವರ ಪುತ್ಥಳಿಯ ಹತ್ತಿರದ ಅಂಗಡಿಗೆ ಹೋದರು. ಆ ದಿನಗಳಲ್ಲೂ ಮಧ್ಯಾಹ್ನದ ಚಾವಿ ಮೊಳೆಯ ಮೇಲೆ ಇರುತ್ತಿರಲಿಲ್ಲ. ರಾಯರು ಅಳೆಯುವುದನ್ನೇ ಬಿಟ್ಟಿದ್ದರು. ಅಂಗಡಿಯವನು ಕವಲಿನಂಥ ಉಪಕರಣವನ್ನು ಬ್ಯಾಟರಿಯ ಎರಡೂ ತುದಿಗೆ ಒತ್ತಿ ಹಿಡಿದ. ಮುಳ್ಳು ಸರ್ರನೆ ಕೆಳಗೆ ಬಿತ್ತು. ಮೂರನೇ ಮುಚ್ಚಳದೊಳಗೆ ಸಿಂಬಳದಂಥ ಗುಳ್ಳೆ ಎದ್ದವು.

"ಕಾಕಾ, ಹಾ ತಿಸರಾ ಸೆಲ್ ಗೇಲಾ," ಎಂದ ಅವನು. ಮೂರನೇ ಸೆಲ್ ಹೋಗಿದೆ, ಹಲಗೆಗಳು ಬೆಳ್ಳಗಾಗಿವೆ, ಮೇಲಿಂದ ಮೇಲೆ ಪೂರಾ ಖಾಲಿ ಮಾಡಿದರೆ ಹೀಗಾಗುತ್ತದೆ ಎಂದೂ ಮರಾಠಿಯಲ್ಲಿ ತಿಳಿಸಿದ.

"ಅಪ್ಪಾ, ನೀ ಹೇಳಿದ್ದ ಖರೇ ಆತು ನೋಡು," ಎಂದ ರಾಜೀವ ಮೆಚ್ಚುಗೆಯಿಂದ.

ರಾಯರು ಪುತ್ಥಳಿಯ ಕಡೆ ಮುಖ ತಿರುಗಿಸಿದರು. ತಾನು ಬರೆದ ಸುಳ್ಳು ಹತ್ತೇ ದಿನಗಳಲ್ಲಿ ಖರೇ ಆಗಿ ಮುಂದೆ ಕೂತಿತ್ತು.

ಹೊಸ ಬ್ಯಾಟರಿಗೆ ಅಲ್ಲಿಯೇ ಆಸಿಡ್ ತುಂಬಿದರು. ರಾಜೀವ ಆಗಲೇ ಒಯ್ಯಬೇಕೆಂದ. ರಾಯರು ಒಪ್ಪಲಿಲ್ಲ. "ಮೊದಲನೇ ಚಾರ್ಜು ಸಾವಕಾಶ ಆಗಬೇಕು. ಕೂಸಿಗೆ ಮೊದಲನೇ ಹಾಲು ಇದ್ದಂಗ." ಮರುದಿನ ಸಂಜೆ ತಂದು ತಾವೇ ಕೂಡಿಸಿದರು. ಮೊದಲು ಕೆಂಪು ತಂತಿ, ಆಮೇಲೆ ಕಪ್ಪು. ಎರಡೂ ತುದಿಗೆ ವ್ಯಾಸಲಿನ್ ಸವರಿದರು. ಗಾಳಿಯ ನಳಿಗೆ ಎಲ್ಲಿಯೂ ಮಡಚದಂತೆ ಕೆಳಗೆ ಇಳಿಬಿಟ್ಟರು. ಸುರಭಿ ಗುಂಡಿ ಒತ್ತಿದಳು. ಗಾಡಿ ಮೊದಲನೇ ಸಲಕ್ಕೇ ಎದ್ದಿತು. ಅವಳು ಹನ್ನೆರಡು ದಿನಗಳ ಮೇಲೆ ನಕ್ಕಳು, ಮಾವನ ಕಡೆ ನೋಡಿ.

ಮರುದಿನ ಮಧ್ಯಾಹ್ನ ಎರಡೂವರೆಗೆ ಮತ್ತೆ ಬಾಗಿಲು ಮೆಲ್ಲಗೆ ತೆರೆಯಿತು. ರಾಯರು ಸ್ವಲ್ಪ ಹೊತ್ತು ಬಿಟ್ಟು ಇಳಿದರು. ಈ ಸಲ ಗಾಡಿಯ ಹತ್ತಿರ ಹೋಗಿ ನಿಂತರು. ಅಂಬಾ ಬೆಚ್ಚಿ ಇಳಿಯಹೋದಳು.

"ಕೂಡು," ಎಂದರು ರಾಯರು. "ಎಲ್ಲೀ ತನಕ ಬಂದಿ?"

ಅವಳು ಅವರ ಮುಖವನ್ನು ಪರೀಕ್ಷಿಸಿದಳು. ಅಲ್ಲಿ ನಗೆಯಿರಲಿಲ್ಲ.

"ನಿಪ್ಪಾಣಿ," ಎಂದಳು ಮೆಲ್ಲಗೆ. "ತಂಬಾಕದ ವಾಸನಿ ಬರಲಿಕ್ಕೆ ಹತ್ತೇದ. ಶ್ರಾವಣದಾಗ ಹೊಂಟೀನಿ, ದಿನಾ ಮಧ್ಯಾಹ್ನ ಇಷ್ಟಿಷ್ಟು ದಾರಿ. ಮೊದಲನೇ ದಿನಾ ಕಾತ್ರಜ ದಾಟಲಿಕ್ಕೆ ಆಗಲಿಲ್ಲ, ಅಂಜಿಕಿ ಬಂತು. ಗುಡ್ಡಾ ಕೊರದ ಬೋಗದಾದಾಗ ಕತ್ತಲಿ. ಅದಕ್ಕ ದೀಪಾ ಹಚ್ಚಿದೆ. ಸಾತಾರಾದಾಗ ಎರಡು ದಿನಾ ನಿಂತೆ. ಕೊಲ್ಹಾಪುರದಾಗ ದೇವಿ ದರ್ಶನಾ ಮಾಡಿದೆ."

"ಚಾವಿ ಯಾಕ ಹಾಕತಿ?"

"ಚಾವಿ ಹಾಕದ ಗಾಡಿ ಹೆಂಗ ಹೋಗತದರಿ?"

ರಾಯರು ಕಂಬಕ್ಕೆ ಒರಗಿದರು. "ಎಲ್ಲಿಗೆ ಹೊಂಟಿ, ಅಂಬಾ?"

ಇಂಡಿಕೇಟರು ಹತ್ತಿತು, ಆರಿತು.

"ಸಂಕೇಶ್ವರಕ್ಕ. ದ್ವಾದಶಿ ಒಳಗ ಮುಟ್ಟಬೇಕಂತ ಮಾಡೀನಿ. ದ್ವಾದಶಿಗೆ ಬಿಂದುಮಾಧವನ ಪಕ್ಷ."

ರಾಯರಿಗೆ ಬೇರೆ ಏನೂ ಕೇಳಬೇಕಾಗಲಿಲ್ಲ. ಸಂಕೇಶ್ವರದಲ್ಲಿ ಅಂಬಾಳ ತಂಗಿ ಇಂದೂ ಇದ್ದಳು. ಹನ್ನೊಂದು ವರ್ಷದ ಹಿಂದೆ ಇಂದೂನ ಗಂಡ ಬಿಂದುಮಾಧವ ತೀರಿಕೊಂಡಾಗ ತಾರು ಬಂದಿತ್ತು. ಎಕ್ಸ್‌ಚೇಂಜಿನಲ್ಲಿ ಜೋಡಿಯವನು ರಜೆಯ ಮೇಲಿದ್ದ, ರಾಯರು ಬ್ಯಾಟರಿ ಕೋಣೆ ಬಿಟ್ಟು ಬರುವಂತಿರಲಿಲ್ಲ. ರಾಜೀವನದು ಹತ್ತನೇ ಇಯತ್ತೆಯ ಪರೀಕ್ಷೆ. "ನಾನೊಬ್ಬಾಕೇ ಬಸ್ಸಿಗೆ ಹೋಗಿ ಬರತೀನ್ರಿ," ಎಂದಿದ್ದಳು ಅಂಬಾ. "ಒಬ್ಬಾಕಿನ್ನ ಹೆಂಗ ಕಳಸಲಿ? ಹದಿಮೂರು ದಿನದೊಳಗ ಇಬ್ಬರೂ ಹೋಗೂಣು," ಎಂದಿದ್ದರು ಇವರು. ಜೋಡಿಯವನು ಇಪ್ಪತ್ತು ದಿನ ಬರಲಿಲ್ಲ. ಆಮೇಲೆ ಇಂದೂನ ಕಾರ್ಡು ಬಂತು. ಅದರಲ್ಲಿ ಒಂದೇ ಸಾಲು: ಆಗ ಬರದವರು ಈಗ ಬರುವುದು ಬೇಡ.

"ಅವತ್ತ ನಾ ತಪ್ಪಿದೆ," ಎಂದರು ರಾಯರು.

"ನಾನೂ ತಪ್ಪಿದೆ. ನೀವು ಬ್ಯಾಡಂದದ್ದಕ್ಕ ಸುಮ್ನ ಕೂತೆ. ಎದ್ದು ಹೋಗಬೇಕಾಗಿತ್ತು."

"ಬ್ಯಾಟರಿ ಇಳೀತಿದ್ದದ್ದು ಇದರಿಂದ, ಗೊತ್ತದ ಏನು ನಿನಗ?"

"ಇಂಜಿನ್ನs ಚಾಲೂ ಮಾಡಿಲ್ಲಲ್ರಿ ನಾ! ಏಳೂಮುಂದ ಚಾವಿ ತಗದು ಒಯ್ಯತಿದ್ದೆ." ಹೇಳುತ್ತ ಹೇಳುತ್ತ ಅವಳಿಗೆ ತಿಳಿಯಿತು. ಕೈ ಹ್ಯಾಂಡಲಿನಿಂದ ಜಾರಿತು. "ಅಯ್ಯೋ, ಹಂಗಾರ ಸುರಭಿ ಅನಿಸಿಕೊಂಡದ್ದು ನನ್ನ ಸಲುವಾಗಿ."

"ನಾ ಮುಚ್ಚೀನಿ. ಪಟ್ಟಿಯೊಳಗ ಖೊಟ್ಟಿ ಅಂಕಿ ಬರದೀನಿ."

"ಯಾರು, ನೀವು?" ಅವಳು ಚಾವಿ ತಿರುಗಿಸಿ ದೀಪ ಆರಿಸಿದಳು. "ಮುಚ್ಚೂದು ಬ್ಯಾಡ್ರಿ. ಮ್ಯಾಲೆ ನಡೀರಿ."

ಸಂಜೆ ಎಲ್ಲರೂ ಅವಲಕ್ಕಿ ತಿನ್ನುತ್ತ ಕೂತಾಗ ಅಂಬಾ ಸುತ್ತು ಬಳಸದೆ ಹೇಳಿದಳು: "ಸುರಭಿ, ಗಾಡಿ ಚಾವಿ ಹಾಕತಿದ್ದಾಕಿ ನಾನವಾ. ನಿನ್ನ ಮ್ಯಾಲೆ ಬಂತು. ನನಗ ತಿಳೀಲಿಲ್ಲ." ಮತ್ತೆ ಎಲ್ಲವನ್ನೂ ಹೇಳಿದಳು. ಕಾತ್ರಜದಿಂದ ನಿಪ್ಪಾಣಿಯವರೆಗೆ.

ರಾಜೀವನ ಕೈಯಲ್ಲಿ ಚಮಚೆ ಹಾಗೇ ನಿಂತಿತ್ತು. "ಅವ್ವಾ, ಹೋಗೂದಿದ್ರ ಕೇಳಬೇಕಿಲ್ಲೋ? ನಾನs ಕರಕೊಂಡ ಹೋಗತಿದ್ದೆ."

"ಯಾರನ್ನೂ ಕೇಳಬಾರದಂತನs ಹೊಂಟಿದ್ದೆ."

"ಮತ್ತ ಅಪ್ಪಾ, ನೀ ಗೊತ್ತಿದ್ದೂ..."

"ಹೌದು. ಗೊತ್ತಿದ್ದೂ ಸುಳ್ಳು ಬರದೆ. ಮೂವತ್ತನಾಕು ವರ್ಷದಾಗ ಅದೊಂದs."

"ಎಲ್ಲಾರದೂ ಆತು," ಎಂದಳು ಸುರಭಿ. ಅವಳ ಧ್ವನಿ ಗಟ್ಟಿಯಾಗಿತ್ತು. "ಅತ್ಯಾ ಹೇಳಿದ್ರು, ಮಾವನವರೂ ಹೇಳಿದ್ರು. ನನಗ ಅಂದವರು ಇನ್ನೂ ಏನೂ ಹೇಳಿಲ್ಲ."

ರಾಜೀವ ತಲೆ ತಗ್ಗಿಸಿದ. "ತಪ್ಪಾತು," ಎಂದ ಕಡೆಗೆ, ಅವಲಕ್ಕಿಗೆ ಹೇಳಿದಂತೆ.

"ನನ್ನ ನೋಡಿ ಹೇಳ್ರಿ."

ನೋಡಿ ಹೇಳಿದ. ಅಷ್ಟಕ್ಕೆ ಮುಗಿಯಲಿಲ್ಲ. ಒಂದು ವಾರ ಚಹಾದ ಬಾಂಡೆ ತಿಕ್ಕುವುದು ಅವನ ಪಾಲಿಗೆ ಬಂತು. ಅದನ್ನು ಹೇರಿದವಳು ಅಂಬಾ.

ಏಕಾದಶಿಯ ಮುಂಜಾನೆ ರಾಜೀವ ಅವ್ವನನ್ನು ಗಾಡಿಯ ಮೇಲೆ ಸ್ವಾರಗೇಟಿನ ಬಸ್ ಸ್ಟ್ಯಾಂಡಿಗೆ ಬಿಟ್ಟ. ರಾಯರು ಸಿಟಿ ಬಸ್ಸಿನಲ್ಲಿ ಮೊದಲೇ ಬಂದು ಬೆಳಗಾವಿ ಬಸ್ಸಿನ ಕಿಟಕಿಯ ಜಾಗ ಹಿಡಿದಿದ್ದರು. ಕೆಳಗೆ ನಿಂತು ಕೇಳಿದರು: "ನಾನೂ ಬರಲೇನು?"

"ಬ್ಯಾಡ್ರಿ. ನೀವು ಬಂದ್ರ ಆಕಿ ನಿಮ್ಮ ಮ್ಯಾಲೆ ಸಿಟ್ಟ ತಗೀತಾಳ. ನನ್ನ ಮ್ಯಾಲೆ ತಗೀಲಿ. ಅದು ನನಗ ಬರಬೇಕಾದದ್ದು."

ಬಸ್ಸು ಹೊರಟಿತು. ಅಂಬಾ ನಿದ್ದೆ ಮಾಡಲಿಲ್ಲ. ಕಾತ್ರಜದ ತಿರುವು, ಖಂಬಾಟಕಿಯ ಘಾಟು, ಸಾತಾರಾದ ಗುಡ್ಡ, ಎಲ್ಲವೂ ತಾನು ಬಿಟ್ಟುಬಂದ ಜಾಗದಲ್ಲೇ ಇದ್ದವು. ಗುಡ್ಡಗಳ ಮೇಲೆ ಹಳದಿ ಹೂವು ಹಾಸಿತ್ತು. ಅದೊಂದನ್ನು ಅವಳು ಅಂದುಕೊಂಡಿರಲಿಲ್ಲ. ಬಿಸಿಲು ಬರುತ್ತಿತ್ತು, ಮೋಡದ ನೆರಳು ಬಸ್ಸಿನ ಜೊತೆಗೇ ಓಡಿ ಹೊಲಗಳಲ್ಲಿ ಹಿಂದೆ ಉಳಿಯುತ್ತಿತ್ತು. ನಿಪ್ಪಾಣಿ ದಾಟಿದ ಮೇಲೆ ಮಾತ್ರ ದಾರಿ ಹೊಸದಾಯಿತು. ಅವಳು ಸೀಟಿನ ಮುಂದಿನ ಸರಳನ್ನು ಎರಡೂ ಕೈಯಿಂದ ಹಿಡಿದು ಕೂತಳು.

ಇಂದೂನ ಮನೆಯ ಬಾಗಿಲು ತೆರೆದೇ ಇತ್ತು. ಇಂದೂ ಪಡಸಾಲೆಯಲ್ಲಿ ಮೊರದ ಮುಂದೆ ಕೂತು ಉದ್ದಿನಬೇಳೆ ಆರಿಸುತ್ತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ಹೊಸ್ತಿಲ ನೆರಳು ನೋಡಿ ತಲೆಯೆತ್ತಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅಕ್ಕನ ಬೆನ್ನ ಹಿಂದೆ, ಅಂಗಳದ ಕಡೆ, ಬೀದಿಯ ಕಡೆ ಕಣ್ಣು ಹಾಯಿಸಿದಳು.

"ಯಾರ ಜೋಡಿ ಬಂದಿ?"

"ಒಬ್ಬಾಕೇ ಬಂದೆ."

"ಒಬ್ಬಾಕೇ?"

"ಹೂಂ. ಅವಾಗs ಬರಬೇಕಾಗಿತ್ತು, ಇಂದೂ."

ಇಂದೂ ಮೊರವನ್ನು ಒಮ್ಮೆ ಕೊಡವಿದಳು. ಬೇಳೆ ಎದ್ದು ಬಿದ್ದವು. ತುಟಿಯನ್ನು ಗಟ್ಟಿಯಾಗಿ ಕಚ್ಚಿ ಹಿಡಿದು, ಒಂದು ಕಲ್ಲು ಆರಿಸಿ ಅಂಗಳಕ್ಕೆ ಒಗೆದಳು.

"ಬಚ್ಚಲದಾಗ ನೀರದ, ಕಾಲು ತೊಳಕೊಂಡ ಬಾ," ಎಂದಳು. "ನಾಳೆ ಪಕ್ಷಕ್ಕ ಐವತ್ತು ವಡಿ ಆಗಬೇಕು. ಹನ್ನೊಂದು ವರ್ಷ ನಾನೊಬ್ಬಾಕೇ ರುಬ್ಬೀನಿ. ಈ ವರ್ಷ ನೀ ರುಬ್ಬು."